ಒಂದಕ್ಕೆ ಇನ್ನೂರು

ಕೊರಿಯರ್ ಹುಡುಗ ಥರ್ಮಾಕೋಲ್ ಡಬ್ಬಿ ಮೇಜಿನ ಮೇಲಿಟ್ಟು
‘ಇದರಾಗೇನ್ ಐತ್ರಿ ಮೇಡಮ್, ಕುಲ್ಫಿ?’ ಅಂದ.
ಸಹಿ ಹಾಕಿದೆ. ಐಸು ಅರ್ಧ ಕರಗಿತ್ತು.
ಕಾಗದದೊಳಗೆ ಚೀಲ, ಚೀಲದೊಳಗೆ ಕಿರುಬೆರಳ ತುದಿಯಷ್ಟು ಶೀಸೆ,
ಶೀಸೆಯ ತಳದಲ್ಲಿ ನೂರು ಮೈಕ್ರೋಲೀಟರ್:
ಒಂದು ಮೊಲದ ನೆನಪು.

ಆ ಮೊಲ ಹುಬ್ಬಳ್ಳಿ ಕಂಡದ್ದಲ್ಲ.
ಎಲ್ಲೋ ದೂರದ ಗೂಡಿನಲ್ಲಿ ಅದಕ್ಕೆ
ಒಂದು ಪ್ರೋಟೀನಿನ ತುಣುಕು ಚುಚ್ಚಿದರು.
‘ಇದು ನನ್ನದಲ್ಲ’ ಎಂದು ಅದರ ನೆತ್ತರು ಗುರುತಿಟ್ಟುಕೊಂಡಿತು.
ಆ ಗುರುತಿಗೆ ಈಗ ನಲವತ್ತೆರಡು ಸಾವಿರ, ಜಿಎಸ್‌ಟಿ ಬೇರೆ.
ಹತ್ತು ಹತ್ತಾಗಿ ಹಂಚಿ ಮೈನಸ್ ಇಪ್ಪತ್ತರಲ್ಲಿಟ್ಟು
ವಿದ್ಯಾನಗರದ ಕರೆಂಟಿಗೆ ಕೈ ಮುಗಿದೆ.

ಅದು ಹುಡುಕುವ ಪ್ರೋಟೀನಿನ ಹೆಸರು ಮೂರಕ್ಷರ, ಒಂದಂಕಿ.
ಯಾರೂ ಮಗುವಿಗೆ ಇಡುವ ಹೆಸರಲ್ಲ.
ಅದರ ಕೆಲಸ ಮಾತ್ರ ನನಗೆ ಗೊತ್ತು, ನಮ್ಮಪ್ಪ ಮಾಡುತ್ತಿದ್ದದ್ದೇ.
ಗದಗದ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ, ಕರಡು ತಿದ್ದಿ,
ಬೇಡದ ಸಾಲನ್ನು ಚಿಮಟದಿಂದ ಎತ್ತಿಟ್ಟು
ಉಳಿದದ್ದನ್ನು ಒತ್ತರಿಸಿ ಕೂಡಿಸುತ್ತಿದ್ದ.
ಜೀವಕೋಶದೊಳಗೂ ಆರ್‌ಎನ್‌ಎ ಎಂಬ ಕರಡು ಹೊರಡುತ್ತದೆ.
ಇದು ಬೆರಳಿಟ್ಟು ಓದುತ್ತದೆ,
‘ಸಾಕು, ಇಲ್ಲಿಗೆ ನಿಲ್ಲು’ ಎಂಬ ಸಾಲು
ಬಿಟ್ಟುಹೋಗದಂತೆ ನೋಡಿಕೊಳ್ಳುತ್ತದೆ.
ಓದುವವ ರಜೆ ಹಾಕಿದ ದಿನ
ಅಚ್ಚು ನಿಲ್ಲುವುದಿಲ್ಲ.

ಬ್ಲಾಕು ಹನ್ನೊಂದು ಎಂಬತ್ತೇಳು. ಮೇಣದಲ್ಲಿ ಮುಳುಗಿದ ಶ್ವಾಸಕೋಶದ ಚೂರು.
ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ದೆ,
ಬೆಳ್ಳುಳ್ಳಿ ಸಿಪ್ಪೆ ಅದರ ಮುಂದೆ ಕಂಬಳಿ.
ನೀರ ಮೇಲೆ ತೇಲಿಸಿ, ಗಾಜಿಗೆ ಹತ್ತಿಸಿ, ಕುಕ್ಕರಿನಲ್ಲಿ ಕುದಿಸಿದೆ.
ಹೌದು, ಬೇಳೆ ಬೇಯಿಸುವಂಥದ್ದೇ,
ಮೂರು ಲೀಟರಿನದು, ದುರ್ಗದಬೈಲಿನಲ್ಲಿ ಚೌಕಾಸಿ ಮಾಡಿ ತಂದದ್ದು.
ಫಾರ್ಮಲಿನ್ನಿಗೆ ಮುಚ್ಚಿಕೊಂಡ ಮುಖಗಳು
ಎರಡು ಸೀಟಿಗೆ ಬಿಚ್ಚಿಕೊಳ್ಳುತ್ತವೆ.
ಆಮೇಲೆ ಮೊಲದ ಹನಿ, ಒಂದಕ್ಕೆ ಇನ್ನೂರು,
ರಾತ್ರಿಯಿಡೀ ಒದ್ದೆ ಡಬ್ಬಿಯೊಳಗೆ ತಣ್ಣಗೆ.
ಬೆಳಗ್ಗೆ ತೊಳೆ, ಇನ್ನೊಂದು ಹನಿ, ತೊಳೆ, ಕಂದು, ತೊಳೆ, ನೀಲಿ.

ಮಸೂರದ ಕೆಳಗೆ, ಗಡ್ಡೆಯಲ್ಲಿ ಕಂದು ಇಲ್ಲ.
ಬರೀ ನೀಲಿ. ತುಂಬಿ ತುಳುಕುವ ನೀಲಿ.

ಮೊದಲು ಬೈದುಕೊಂಡದ್ದು ನನ್ನನ್ನೇ.
ಹನಿ ಹಾಕಲು ಮರೆತೆನೇ? ಆ ಕರಗಿದ ಐಸಿಗೆ ಸತ್ತಿತೇ?
ಗಾಜು ಸರಿಸಿದೆ. ಅಂಚಿನಲ್ಲಿ ಒಳ್ಳೆಯ ಕೋಶಗಳ ಒಂದು ಸಾಲು,
ಒಂದೊಂದರ ನಡುವೆಯೂ ಬೊಟ್ಟು,
ಹುರಿದ ಜೀರಿಗೆಯ ಕಂದು.
ಮೊಲ ತನ್ನ ಕೆಲಸ ಮಾಡಿದೆ.
ಹುಡುಕಿದ್ದು ಅಲ್ಲಿಲ್ಲ, ಅಷ್ಟೇ.
ಆದರೂ ಮತ್ತೊಮ್ಮೆ ಮಾಡಿದೆ. ಮತ್ತೂ ಅದೇ.

ಇದೆಲ್ಲ ಡಾಕ್ಟರ ಅಧ್ಯಯನಕ್ಕೆ.
ರೋಗಿಯ ರಿಪೋರ್ಟಿನಲ್ಲಿ ಇದಕ್ಕೊಂದು ಸಾಲಿಲ್ಲ.

ಗುರುವಾರ ಬ್ಲಾಕು ವಾಪಸು ಒಯ್ಯಲು ಅವರೇ ಬಂದರು,
ಬೆಟಗೇರಿಯ ತುಳಜಾಸಾ ಬಾಕಳೆ.
ಐವತ್ತು ವರ್ಷ ನೂಲಿಗೆ ಬಣ್ಣ ಹಾಕಿದ ಉಗುರು,
ಇನ್ನೂ ಬುಡದಲ್ಲಿ ನೇರಳೆ.
ಕೆಮ್ಮು ನಿಂತ ಮೇಲೆ ಟ್ರೇಯತ್ತ ನೋಡಿದರು.
ನಾನು ಬೇಡ ಅನ್ನುವಷ್ಟರಲ್ಲಿ
ಒಂದು ಗಾಜು ಕಿಟಕಿಯ ಬೆಳಕಿಗೆ ಹಿಡಿದಿದ್ದರು.
‘ನಂದೇನ್ರಿ?’
ಸುಳ್ಳು ಹೇಳಲಾಗಲಿಲ್ಲ.
‘ಸುತ್ತಕಡೆ ಹಿಡದೈತಿ. ನಡಬರಕ ಹಿಡದಿಲ್ಲಲ್ರಿ ಬಣ್ಣ.’
‘ಬಣ್ಣದ ತಪ್ಪಲ್ರಿ ಅದು,’ ಅಂದೆ.
‘ಗೊತ್ತೈತಿ ಬಿಡ್ರಿ. ನೂಲಿನಾಗಿಂದ ಏನೋ ಹೋಗಿರತೈತಿ.’

ಅಷ್ಟನ್ನು ಹೇಳಲು ನನಗೆ
ಎರಡು ವಾರ ಮತ್ತು ಒಂದು ಮೊಲ ಬೇಕಾಯಿತು.

ಬ್ಲಾಕನ್ನು ವಸ್ತ್ರದಲ್ಲಿ ಸುತ್ತಿ ಎದೆಯ ಕಿಸೆಗೆ ಹಾಕಿಕೊಂಡು
ಬಾಗಿಲ ಹತ್ತಿರ ತಿರುಗಿದರು.
‘ಈ ಕಂದು ತೊಳದ್ರ ಹೋಗತೈತೇನ್ರಿ?’
‘ಇಲ್ರಿ. ಹೋಗಂಗಿಲ್ಲ.’
‘ಚೊಲೋ ಬಣ್ಣ,’ ಅಂದರು,
ಎರಡೂವರೆಯ ಗದಗ ಬಸ್ಸಿಗೆ ಹೊತ್ತಾಗಿತ್ತು.